ಗ್ಲೆಂಡಲಾಕ್, ಕಿಲಾರ್ನಿ, ಲಾಕ್ ಗರ್: ಐರ್ಲೆಂಡಿನ ಸರೋವರದ ದಾರಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಐರ್ಲೆಂಡಿನಲ್ಲಿ ನಡಿಗೆಗೆಂದು ಒಂದೆರಡು ದಿನ ಬಿಡುವು ಮಾಡಿಕೊಂಡವರು ಮೊದಲು ಕೇಳುವುದು, ಯಾವ ಜಾಗ ಹೆಚ್ಚು ಸುಂದರ ಎಂದು. ಈ ಪ್ರಶ್ನೆಗೆ ಉತ್ತರ ಸಿಕ್ಕರೂ ಆಯ್ಕೆ ಸುಲಭವಾಗುವುದಿಲ್ಲ. ನೀರು, ಹಸಿರು ಗುಡ್ಡ, ಪಾಳುಬಿದ್ದ ಕಲ್ಲುಗೋಡೆ ಮೂರೂ ಒಟ್ಟಿಗೆ ಸಿಗುವ ಜಾಗಗಳಿಗೆ ಆ ದೇಶದಲ್ಲಿ ಕೊರತೆಯಿಲ್ಲ, ಫೋಟೋದಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಸರೋವರದ ದಡಕ್ಕೆ ಜನ ಯಾಕೆ ಬಂದು ನೆಲೆಸಿದರು? ಒಬ್ಬ ಏಕಾಂತ ಬೇಕೆಂದು ಬಂದ, ಇನ್ನೊಬ್ಬ ಕೋಟೆ ಕಟ್ಟಿ ಆಳಲು ಬಂದ, ಮತ್ತೊಂದು ಕಡೆ ದನ ಮೇಯಿಸಿಕೊಂಡು ಬದುಕಲು ಬಂದವರು ಸಾವಿರಾರು ವರ್ಷ ಉಳಿದುಬಿಟ್ಟರು. ಈ ಕಾರಣ ಗೊತ್ತಿದ್ದರೆ ನಡೆಯುವಾಗ ಕಲ್ಲು ಮತ್ತು ನೀರಿನ ನಡುವಿನ ಸಂಬಂಧ ಕಣ್ಣಿಗೆ ಬೀಳುತ್ತದೆ, ಯಾವ ದಾರಿ ನಿಮಗೆ ಸರಿ ಎಂಬುದೂ ಸ್ಪಷ್ಟವಾಗುತ್ತದೆ.

ಇಲ್ಲಿ ಮುಖ್ಯವಾಗಿ ಮೂರು ಜಾಗಗಳನ್ನು ಹೋಲಿಸಿದ್ದೇನೆ. ಇನ್ನೆರಡನ್ನು ಚಿಕ್ಕದಾಗಿ ಹೇಳುತ್ತೇನೆ. ಡಬ್ಲಿನ್, ಕಾರ್ಕ್, ಲಿಮರಿಕ್ ಕಡೆ ಓದಲು ಅಥವಾ ಕೆಲಸಕ್ಕೆಂದು ಹೋಗಿರುವ ಕನ್ನಡಿಗರನ್ನೂ, ಅವರನ್ನು ನೋಡಲು ಊರಿನಿಂದ ಹೋಗುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಗ್ಲೆಂಡಲಾಕ್: ಡಬ್ಲಿನ್‌ನಿಂದ ಒಂದೇ ದಿನ ಇದ್ದರೆ

ಡಬ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ವಿಕ್ಲೋ ಬೆಟ್ಟಗಳ ನಡುವೆ, ಹಿಮನದಿ ಕೊರೆದ ಒಂದು ಕಣಿವೆಯಿದೆ. ಅದರೊಳಗೆ ಕೆಳಗಿನದು, ಮೇಲಿನದು ಎಂದು ಎರಡು ಸರೋವರಗಳು. 6ನೇ ಶತಮಾನದಲ್ಲಿ ಕೆವಿನ್ ಎಂಬ ಸಂತ ಜನರಿಂದ ದೂರವಿರಲು ಇಲ್ಲಿಗೆ ಬಂದ. ಒಂಟಿಯಾಗಿರಲು ಬಂದವನ ಸುತ್ತ ಶಿಷ್ಯರು ಸೇರಿದರು, ಮಠ ಬೆಳೆಯಿತು, ಕೊನೆಗೆ ಕಣಿವೆಯ ಬಾಯಿಯಲ್ಲಿ ಒಂದು ಊರೇ ಆಯಿತು. 1398ರಲ್ಲಿ ಇಂಗ್ಲಿಷ್ ಪಡೆ ಅದನ್ನು ಹಾಳುಗೆಡವಿತು. ಆದರೂ ಯಾತ್ರಿಕರು ಬರುವುದು ನಿಲ್ಲಲಿಲ್ಲ.

ಇಂದು ನೋಡಲು ಸಿಗುವ ಮಠದ ಅವಶೇಷಗಳಲ್ಲಿ ಹೆಚ್ಚಿನವು ಕೆಳಗಿನ ಸರೋವರದ ಹತ್ತಿರ ಇವೆ. ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ ದೂರದಿಂದಲೇ ಕಾಣುತ್ತದೆ. ಅದರ ಬಾಗಿಲು ನೆಲದಿಂದ ಸುಮಾರು ಮೂರೂವರೆ ಮೀಟರ್ ಮೇಲಿದೆ, ಏಣಿ ಇಲ್ಲದೆ ಒಳಗೆ ಹೋಗುವಂತಿರಲಿಲ್ಲ. ಶಂಕುವಿನ ಆಕಾರದ ಅದರ ಮಾಡನ್ನು 1876ರಲ್ಲಿ ಹಳೆಯ ಕಲ್ಲುಗಳನ್ನೇ ಬಳಸಿ ಮತ್ತೆ ಕಟ್ಟಿದರು. ಪ್ರವೇಶದಲ್ಲಿರುವ ಎರಡು ಕಮಾನಿನ ಕಲ್ಲುಬಾಗಿಲನ್ನು ಗಮನವಿಟ್ಟು ನೋಡಿ. ಐರ್ಲೆಂಡಿನ ಮಠಗಳಲ್ಲಿ ಇಂಥ ಹೆಬ್ಬಾಗಿಲು ಉಳಿದಿರುವುದು ಇದೊಂದೇ.

ಗ್ಲೆಂಡಲಾಕ್‌ನ ನಿಜವಾದ ಸೊಗಸು ನಡೆಯುವ ಕ್ರಮದಲ್ಲಿದೆ. ಕೆಳಗಿನ ಅವಶೇಷಗಳಿಂದ ಮೇಲಿನ ಸರೋವರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ಆ ಸಪಾಟಾದ ದಾರಿಯಲ್ಲಿ ಸಾಗಿದಂತೆ ಕಟ್ಟಡಗಳು ಚಿಕ್ಕದಾಗುತ್ತವೆ, ಸಂಖ್ಯೆ ಕಡಿಮೆಯಾಗುತ್ತದೆ. ಮೊದಲು ಪ್ರಧಾನ ಚರ್ಚು ಮತ್ತು ಗೋಪುರ, ಆಮೇಲೆ ಮರಗಳ ನಡುವೆ ರೀಫರ್ಟ್ ಎಂಬ ಪುಟ್ಟ ಚರ್ಚು, ಅದರಾಚೆ ಕೆವಿನ್ ವಾಸಿಸುತ್ತಿದ್ದನೆಂದು ನಂಬುವ ಕುಟೀರದ ಬುಡಗಲ್ಲುಗಳು ಮಾತ್ರ. ಕೊನೆಯಲ್ಲಿ ಬಂಡೆಯ ಗೋಡೆಯಲ್ಲಿ, ನೀರಿಗೆ ನೇರ ಮೇಲೆ, ಒಬ್ಬ ಮನುಷ್ಯ ಮಲಗುವಷ್ಟೇ ದೊಡ್ಡ ಗುಹೆ. ಅದಕ್ಕೆ ಕೆವಿನ್‌ನ ಹಾಸಿಗೆ ಎಂದೇ ಹೆಸರು. ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋಗಲು ದಾರಿಯಿಲ್ಲ, ಪ್ರಯತ್ನಿಸಲೂಬಾರದು. ಎದುರು ದಡದ ಗಣಿ ದಾರಿಯಿಂದ ನೋಡಬಹುದು. ಊರಾಗಿ ಬೆಳೆದ ಮಠದಿಂದ ಹೊರಟು, ಅದು ಹುಟ್ಟಿದ ಮೌನದವರೆಗೆ ಹಿಂದಕ್ಕೆ ನಡೆದ ಹಾಗಾಗುತ್ತದೆ. ಅದಕ್ಕಾಗಿಯೇ ಮೇಲಿನ ಸರೋವರದ ಬಳಿ ಕಾರು ನಿಲ್ಲಿಸಿ ಅಲ್ಲಿಂದ ಶುರುಮಾಡಬೇಡಿ. ಕೆಳಗಿನ ಮಾಹಿತಿ ಕೇಂದ್ರದ ಹತ್ತಿರವೇ ಇಳಿಯಿರಿ.

ಇಲ್ಲಿ ಬಣ್ಣದ ಗುರುತಿರುವ ಹಲವು ದಾರಿಗಳಿವೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ 3 ಕಿಲೋಮೀಟರಿನ ಹಸಿರು ದಾರಿ ಸಾಕು. ಏರಿಲ್ಲದೆ ಸ್ವಲ್ಪ ಹೆಚ್ಚು ನಡೆಯಬೇಕೆಂದರೆ ಮೇಲಿನ ಸರೋವರದ ಉತ್ತರ ದಡದುದ್ದಕ್ಕೂ ಹೋಗಿ ಬರುವ 5 ಕಿಲೋಮೀಟರಿನ ಗಣಿ ದಾರಿ ಇದೆ. ಅದು 19ನೇ ಶತಮಾನದಲ್ಲಿ ಸೀಸದ ಗಣಿ ಕೆಲಸಗಾರರಿದ್ದ ಊರಿನ ಮುರಿದ ಗೋಡೆಗಳ ಬಳಿ ಮುಗಿಯುತ್ತದೆ. ಒಬ್ಬ ಸನ್ಯಾಸಿ ಮೌನ ಹುಡುಕಿದ ಕಣಿವೆಯಲ್ಲೇ ಮುಂದೆ ಅದಿರು ಜಜ್ಜುವ ಯಂತ್ರಗಳ ಸದ್ದು ತುಂಬಿತ್ತು ಎಂಬುದನ್ನು ಅಲ್ಲಿ ನಿಂತಾಗ ನೆನೆಯದೆ ಇರಲಾಗುವುದಿಲ್ಲ.

ಕಾಲಿನಲ್ಲಿ ಶಕ್ತಿಯಿದ್ದು ಆಕಾಶ ತಿಳಿಯಾಗಿದ್ದರೆ ಬಿಳಿ ಗುರುತಿನ ಸ್ಪಿಂಕ್ ದಾರಿಯನ್ನು ಹಿಡಿಯಿರಿ. 9 ಕಿಲೋಮೀಟರ್ ಉದ್ದ, ಸುಮಾರು 380 ಮೀಟರ್ ಏರು, ಮೂರೂವರೆ ಗಂಟೆಯ ನಡಿಗೆ. ಪೌಲನಾಸ್ ಜಲಪಾತದ ಕಡೆಯಿಂದ ಹೊರಟರೆ 600ಕ್ಕೂ ಹೆಚ್ಚು ಮರದ ಮೆಟ್ಟಿಲುಗಳನ್ನು ಹತ್ತಿ ಬೆಟ್ಟದ ಅಂಚಿಗೆ ಬರುತ್ತೀರಿ. ಹಳೆಯ ರೈಲು ಹಳಿಗಳಡಿಯ ಮರದ ದಿಮ್ಮಿಗಳನ್ನು ಜೋಡಿಸಿ ಮಾಡಿದ ಹಾದಿ ಅದು. ಕೆಳಗೆ ಮೇಲಿನ ಸರೋವರ ಕಪ್ಪಗೆ ಹರಡಿಕೊಂಡಿರುತ್ತದೆ. ಆಮೇಲೆ ಕಾಡು ಆಡುಗಳೂ ಜಿಂಕೆಗಳೂ ಓಡಾಡುವ ಗ್ಲೆನೀಲೋ ಕಣಿವೆಗೆ ಇಳಿದು, ಕಲ್ಲಿನ ತಿರುವುಗಳಲ್ಲಿ ಗಣಿ ಊರಿಗೆ ಬಂದು, ಸರೋವರದ ದಡದಲ್ಲಿ ಮರಳುತ್ತೀರಿ. ಮೋಡ ಕವಿದ ದಿನ ಈ ದಾರಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಮೆಟ್ಟಿಲು ಹತ್ತಿದ ಆಯಾಸ ಮಾತ್ರ ಸಿಗುತ್ತದೆ, ನೋಟ ಸಿಗುವುದಿಲ್ಲ. ಗಾಳಿ ಜೋರಾಗಿದ್ದರೆ ಅಂಚಿನ ಭಾಗ ಅಪಾಯಕಾರಿ ಕೂಡ.

ಕಾರಿಲ್ಲದವರಿಗೆ ಡಬ್ಲಿನ್ ನಗರದ ಮಧ್ಯದಿಂದ ಸೇಂಟ್ ಕೆವಿನ್ಸ್ ಬಸ್ ಇದೆ. ದಿನಕ್ಕೆ ಕೆಲವೇ ಸಲ ಓಡುವುದರಿಂದ ಮರಳುವ ಬಸ್ಸಿನ ಸಮಯವನ್ನು ಮೊದಲು ನೋಡಿಕೊಂಡು, ಅದಕ್ಕೆ ತಕ್ಕಂತೆ ದಾರಿಯನ್ನು ಆರಿಸಿಕೊಳ್ಳಿ. ಈ ಜಾಗದ ದೊಡ್ಡ ತೊಂದರೆ ಜನಸಂದಣಿ. ಬೇಸಿಗೆಯ ಭಾನುವಾರ ಮಧ್ಯಾಹ್ನ ಹೋದರೆ ಏಕಾಂತದ ಮಾತು ಬರಿಯ ಮಾತಾಗಿಯೇ ಉಳಿಯುತ್ತದೆ. ವಾರದ ನಡುವೆ ಅಥವಾ ಬೆಳಗ್ಗೆ ಬೇಗ ಹೋಗಲು ಸಾಧ್ಯವಾದರೆ ಮಾತ್ರ ನಾನು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ.

ಕಿಲಾರ್ನಿ: ಎರಡು ರಾತ್ರಿ ಉಳಿಯುವವರಿಗೆ

ನೈಋತ್ಯದ ಕೆರ್ರಿ ಜಿಲ್ಲೆಯ ಕಿಲಾರ್ನಿಯಲ್ಲಿ ಮೂರು ಸರೋವರಗಳು ಒಂದಕ್ಕೊಂದು ಹೊಂದಿಕೊಂಡಿವೆ: ಲಾಕ್ ಲೇನ್, ಮಕ್‌ರಾಸ್, ಮೇಲಿನ ಸರೋವರ. ಇಲ್ಲಿ ಜನರನ್ನು ಸೆಳೆದದ್ದು ಸಂಪತ್ತು ಮತ್ತು ಅಧಿಕಾರ, ಅದೂ ಬಹಳ ಹಿಂದಿನಿಂದ. ಲಾಕ್ ಲೇನ್ ದಡದ ರಾಸ್ ಐಲೆಂಡಿನಲ್ಲಿ ಕ್ರಿಸ್ತಪೂರ್ವ 2400ರ ಸುಮಾರಿಗೆ ತಾಮ್ರ ತೆಗೆಯುತ್ತಿದ್ದರು. ವಾಯವ್ಯ ಯುರೋಪಿನಲ್ಲಿ ಗೊತ್ತಿರುವ ತಾಮ್ರದ ಗಣಿಗಳಲ್ಲಿ ಇದೇ ಅತ್ಯಂತ ಹಳೆಯದು. ಅದರ ಪಕ್ಕದಲ್ಲೇ 15ನೇ ಶತಮಾನದ ಕೊನೆಯಲ್ಲಿ ಓಡೊನಹ್ಯೂ ಮನೆತನದವರು ರಾಸ್ ಕೋಟೆಯನ್ನು ಕಟ್ಟಿದರು. ಸರೋವರದಲ್ಲಿ ಹಡಗು ತೇಲುವ ತನಕ ಈ ಕೋಟೆ ಬೀಳುವುದಿಲ್ಲ ಎಂಬ ನಂಬಿಕೆಯಿತ್ತಂತೆ. 1652ರಲ್ಲಿ, ಐರ್ಲೆಂಡನ್ನು ವಶಪಡಿಸಿಕೊಳ್ಳುತ್ತಿದ್ದ ಇಂಗ್ಲೆಂಡಿನ ಕ್ರಾಮ್‌ವೆಲ್ ಪಕ್ಷದ ಸೇನಾನಿ ಲಡ್ಲೋ ದೋಣಿಗಳನ್ನು ತಂದು ನೀರಿಗಿಳಿಸಿದಾಗ ಕೋಟೆಯವರು ಶರಣಾದರು.

ಮಕ್‌ರಾಸ್‌ನ ಫ್ರಾನ್ಸಿಸ್ಕನ್ ಮಠ 1448ರಲ್ಲಿ ಮೆಕಾರ್ತಿ ದೊರೆಗಳ ಆಶ್ರಯದಲ್ಲಿ ಶುರುವಾಯಿತು. ಸೂರು ಬಿದ್ದುಹೋಗಿದೆ, ಆದರೆ ಒಳಗಿನ ಕಂಬಸಾಲಿನ ಅಂಗಳ ಹೆಚ್ಚುಕಡಿಮೆ ಪೂರ್ತಿ ಉಳಿದಿದೆ. ಅಂಗಳದ ಮಧ್ಯದಲ್ಲಿ ಯೂ ಜಾತಿಯ ಒಂದು ದೊಡ್ಡ ಮರ ಆಕಾಶವನ್ನೇ ಮುಚ್ಚುವಂತೆ ಬೆಳೆದಿದೆ. ಕಿಲಾರ್ನಿಯಲ್ಲಿ ಒಂದೇ ಒಂದು ಕಟ್ಟಡವನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಿ. 1843ರಲ್ಲಿ ಕಟ್ಟಿ ಮುಗಿಸಿದ ಮಕ್‌ರಾಸ್ ಹೌಸ್ ಎಂಬ ಬಂಗಲೆಗೆ 1861ರಲ್ಲಿ ವಿಕ್ಟೋರಿಯಾ ರಾಣಿ ಬಂದು ತಂಗಿದ್ದಳು. ಮುಂದೆ ಕೈ ಬದಲಾದ ಈ ಎಸ್ಟೇಟನ್ನು ಬೋರ್ನ್ ಮತ್ತು ವಿನ್ಸೆಂಟ್ ಕುಟುಂಬದವರು 1932ರಲ್ಲಿ ದೇಶಕ್ಕೆ ದಾನ ಕೊಟ್ಟರು. ಐರ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. ದೊರೆಗಳ, ಜಮೀನ್ದಾರರ ಕೈಯಲ್ಲಿದ್ದ ದಡದಲ್ಲಿ ಇಂದು ಯಾರು ಬೇಕಾದರೂ ನಡೆಯಬಹುದು ಎಂಬುದೇ ಇಲ್ಲಿಯ ದೊಡ್ಡ ವಿಷಯ ಎಂದು ನನಗನಿಸುತ್ತದೆ.

ನಡೆಯಲು ಮಕ್‌ರಾಸ್ ಸರೋವರದ ಸುತ್ತು ದಾರಿ, ಸುಮಾರು 10 ಕಿಲೋಮೀಟರ್, ಬಹುಪಾಲು ಗಟ್ಟಿ ಮತ್ತು ಸಮತಟ್ಟು. ಬಂಗಲೆಯಿಂದ ಹೊರಟು, ಬರೀ ಯೂ ಮರಗಳೇ ಬೆಳೆದಿರುವ ರೀನಡಿನಾ ಕಾಡನ್ನು ದಾಟುತ್ತೀರಿ. ಯುರೋಪಿನಲ್ಲಿ ಇಂಥ ಕಾಡುಗಳು ಬೆರಳೆಣಿಕೆಯಷ್ಟು. ಸುಣ್ಣಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಬೇರು, ಹಗಲಲ್ಲೂ ಮಬ್ಬು. ಆಮೇಲೆ ಬ್ರಿಕೀನ್ ಸೇತುವೆ, ಡಿನಿಸ್ ಕುಟೀರ, ಮೂರು ಸರೋವರಗಳ ನೀರು ಕೂಡುವ ಜಾಗದ ಹಳೆಯ ಕಲ್ಲು ಸೇತುವೆ. ಅಲ್ಲಿಂದ ಹೆದ್ದಾರಿಯ ಪಕ್ಕದ ಭಾಗವೊಂದಿದೆ. ಈ ಸುತ್ತಿನಲ್ಲಿ ಮನಸ್ಸಿಗೆ ಹಿಡಿಸದ ಭಾಗ ಅದೊಂದೇ. ಕೊನೆಗೆ ಟಾರ್ಕ್ ಜಲಪಾತಕ್ಕೆ ಒಂದು ಸಣ್ಣ ಕವಲು. ನಮ್ಮ ಘಟ್ಟದ ಜಲಪಾತಗಳನ್ನು ಕಂಡವರಿಗೆ 20 ಮೀಟರಿನ ಟಾರ್ಕ್ ದೊಡ್ಡದೆನಿಸದು, ಆದರೆ ಅದರ ಪಕ್ಕದ ಮೆಟ್ಟಿಲುಗಳನ್ನು ಹತ್ತಿದರೆ ಸರೋವರ ಮರಗಳ ಸಂದಿಯಲ್ಲಿ ಕಾಣುತ್ತದೆ. ಅದಕ್ಕಾಗಿ ಹತ್ತಿ. ಈ ಸುತ್ತಿನಲ್ಲಿ ಸೈಕಲ್ ತುಳಿಯುವವರು ಅಪ್ರದಕ್ಷಿಣವಾಗಿ ಮಾತ್ರ ಹೋಗಬೇಕೆಂಬ ನಿಯಮವಿದೆ. ನಡೆಯುವವರು ಮೇಲೆ ಹೇಳಿದ ಕ್ರಮವನ್ನು ತಿರುಗಿಸಿ ಪ್ರದಕ್ಷಿಣವಾಗಿ ಹೋದರೆ ಸೈಕಲ್ಲುಗಳು ಎದುರಿನಿಂದ ಬರುವುದು ಕಾಣುತ್ತದೆ.

ಮಠ, ಬಂಗಲೆ, ಜಲಪಾತಗಳ ಕಡೆ ಕುದುರೆ ಗಾಡಿಗಳೂ ಓಡುತ್ತವೆ, ಮೊಣಕಾಲು ನೋವಿರುವವರನ್ನು ಹಾಗೆ ಕರೆದೊಯ್ಯಬಹುದು. ಬೇಸಿಗೆಯಲ್ಲಿ ರಾಸ್ ಕೋಟೆಯಿಂದ ಇನಿಸ್‌ಫಾಲನ್ ದ್ವೀಪಕ್ಕೆ ದೋಣಿ ಸಿಗುತ್ತದೆ. ಆ ದ್ವೀಪದ ಮಠದಲ್ಲಿ ಸನ್ಯಾಸಿಗಳು ವರ್ಷವರ್ಷದ ಘಟನೆಗಳನ್ನು ಬರೆದಿಟ್ಟರು. ಆ ಹಸ್ತಪ್ರತಿ ಈಗ ಆಕ್ಸ್‌ಫರ್ಡ್‌ನಲ್ಲಿದೆ. ಶರತ್ಕಾಲದಲ್ಲಿ ಕೆಂಪು ಜಿಂಕೆಯ ಗಂಡುಗಳು ಕಾದಾಡುವ ಸಮಯ, ಫೋಟೋಗೆಂದು ಹತ್ತಿರ ಹೋಗಬೇಡಿ.

ಡಬ್ಲಿನ್‌ನಿಂದ ಸುಮಾರು 300 ಕಿಲೋಮೀಟರ್. ರೈಲಿನಲ್ಲಿ ಹೋಗುವವರು ಸಾಮಾನ್ಯವಾಗಿ ಮ್ಯಾಲೊದಲ್ಲಿ ಬದಲಿಸಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಇದಲ್ಲ. ಎರಡು ರಾತ್ರಿ ಉಳಿದರೆ ಒಂದು ದಿನ ಮಕ್‌ರಾಸ್ ಸುತ್ತು, ಇನ್ನೊಂದು ದಿನ ರಾಸ್ ಕೋಟೆ ಮತ್ತು ತಾಮ್ರದ ಗಣಿಯ ದಾರಿ, ಬಿಡುವಾಗಿ ಆಗುತ್ತವೆ. ಕಾರಿಲ್ಲದ ಕುಟುಂಬಕ್ಕೆ ಈ ಐದರಲ್ಲಿ ಅತ್ಯಂತ ಅನುಕೂಲದ ಜಾಗವೂ ಇದೇ. ಉದ್ಯಾನ ಪಟ್ಟಣದ ಅಂಚಿನಿಂದಲೇ ಶುರುವಾಗುತ್ತದೆ, ಸಸ್ಯಾಹಾರಿಗಳಿಗೂ ಊಟಕ್ಕೆ ಪರದಾಟವಿಲ್ಲ.

ಲಾಕ್ ಗರ್: ನಡಿಗೆ ಕಡಿಮೆ, ಕಾಲ ದೀರ್ಘ

ಲಿಮರಿಕ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್. ಕುದುರೆ ಲಾಳದ ಆಕಾರದ ಚಿಕ್ಕ ಸರೋವರ, ಸುತ್ತ ತಗ್ಗು ಗುಡ್ಡಗಳು, ದನ ಮೇಯುವ ಹುಲ್ಲುಗಾವಲು. ಮೊದಲ ನೋಟಕ್ಕೆ ಗ್ಲೆಂಡಲಾಕ್‌ನ ಗಾಂಭೀರ್ಯವೂ ಇಲ್ಲ, ಕಿಲಾರ್ನಿಯ ವೈಭವವೂ ಇಲ್ಲ. ಪ್ರವಾಸಿ ಬಸ್ಸುಗಳು ಇಲ್ಲಿ ಅಷ್ಟಾಗಿ ನಿಲ್ಲದಿರುವುದಕ್ಕೆ ಅದೇ ಕಾರಣವಿರಬೇಕು. ಆದರೆ ಮೂರರಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಲಾಕ್ ಗರ್.

ಇಲ್ಲಿ ಸುಮಾರು 6000 ವರ್ಷಗಳಿಂದ ಜನ ಬದುಕಿದ್ದಾರೆ. ಒಳ್ಳೆಯ ಹುಲ್ಲು, ಸುಣ್ಣಕಲ್ಲಿನ ನೆಲ, ಮೀನಿನ ನೀರು ಇದ್ದ ಕಡೆ ರೈತರು ಬಂದರು, ಮತ್ತೆ ಬಿಟ್ಟು ಹೋಗುವ ಕಾರಣ ಅವರಿಗೆ ಸಿಗಲಿಲ್ಲ. ಪುರಾತತ್ತ್ವಜ್ಞ ಶಾನ್ ಪಿ. ಓ ರಿಯರ್‌ಡಾನ್ 1930ರ ದಶಕದಿಂದ ಇಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಮನೆಗಳ ಬುಡವನ್ನು ಹೊರತೆಗೆದರು. ಬೆಣೆಯ ಆಕಾರದ ಕಲ್ಲುಗೋರಿ, ಕಲ್ಲಿನ ಸುತ್ತುಗೋಡೆಯ ಕ್ಯಾರಿಗ್ ಎಯ್ಲ್ ಕೋಟೆಗಳು, ನೀರಿನೊಳಗೆ ಕಲ್ಲು ಪೇರಿಸಿ ಮಾಡಿದ ಕೃತಕ ದ್ವೀಪ, ಮಧ್ಯಯುಗದ ಗೋಪುರಕೋಟೆ ಎಲ್ಲವೂ ಒಂದೇ ಸರೋವರದ ಆಸುಪಾಸಿನಲ್ಲಿವೆ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ಗುಡ್ಡದ ಮೇಲಿನ ಕಲ್ಲುಮನೆಗಳ ನಡುವೆ ಓಡಾಡಿದವರಿಗೆ ಇಲ್ಲಿಯ ಗೋರಿಯ ಮುಂದೆ ನಿಂತಾಗ ಪರಿಚಿತವಾದದ್ದೇನೋ ಎದುರಾಗುತ್ತದೆ: ದೊಡ್ಡ ಚಪ್ಪಡಿಗಳನ್ನು ಎತ್ತಿ ನಿಲ್ಲಿಸಿ ಸತ್ತವರಿಗೆ ಮನೆ ಕಟ್ಟುವ ಶ್ರಮ, ಸಂಬಂಧವೇ ಇಲ್ಲದ ಎರಡು ನೆಲಗಳಲ್ಲಿ.

ಸರೋವರದಿಂದ ಸ್ವಲ್ಪ ದೂರದಲ್ಲಿ, ಆರ್512 ರಸ್ತೆಯ ಪಕ್ಕದಲ್ಲಿ, ಗ್ರೇಂಜ್ ಕಲ್ಲಿನ ವೃತ್ತವಿದೆ. 113 ಕಲ್ಲುಗಳು ಒಂದಕ್ಕೊಂದು ತಾಗಿಕೊಂಡು, ಸುಮಾರು 45 ಮೀಟರ್ ಅಗಲದ ವೃತ್ತವಾಗಿ ನಿಂತಿವೆ. ಐರ್ಲೆಂಡಿನಲ್ಲೇ ಅತಿ ದೊಡ್ಡದು. ಅತಿ ದೊಡ್ಡ ಕಲ್ಲಿನ ತೂಕ 40 ಟನ್ನಿಗೂ ಹೆಚ್ಚು. ಇದು ಇರುವುದು ಒಬ್ಬ ರೈತರ ಜಮೀನಿನಲ್ಲಿ. ಗೇಟು ತೆರೆದರೆ ಮುಚ್ಚಿ, ದಾನದ ಡಬ್ಬಿಯಿದ್ದರೆ ಏನಾದರೂ ಹಾಕಿ. ಹಗ್ಗ ಕಟ್ಟಿಲ್ಲ, ಕಾವಲಿಲ್ಲ, ವೃತ್ತದ ನಡುವೆ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು.

19ನೇ ಶತಮಾನದ ಮಧ್ಯದಲ್ಲಿ ಕಾಲುವೆ ತೋಡಿ ಸರೋವರದ ನೀರನ್ನು ಇಳಿಸಿದಾಗ ತಳದಿಂದ ಎಷ್ಟೋ ಹಳೆಯ ವಸ್ತುಗಳು ಹೊರಬಂದವು. ಲಾಕ್ ಗರ್‌ನಲ್ಲಿ ಸಿಕ್ಕಿದ, ಸುಮಾರು 2700 ವರ್ಷ ಹಳೆಯ ಕಂಚಿನ ಗುರಾಣಿ ಡಬ್ಲಿನ್‌ನ ಕಿಲ್‌ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಪ್ರವೇಶ ಉಚಿತ. ಮೊದಲು ಅದನ್ನು ನೋಡಿ ಆಮೇಲೆ ಸರೋವರಕ್ಕೆ ಹೋದರೆ ನೀರನ್ನು ನೋಡುವ ಕಣ್ಣೇ ಬದಲಾಗುತ್ತದೆ. ಡೆಸ್ಮಂಡಿನ ಜಹಗೀರುದಾರ ಜೆರಾಲ್ಡ್ ಈ ನೀರಿನಡಿಯಲ್ಲಿ ಮಲಗಿದ್ದಾನೆ, ಏಳು ವರ್ಷಕ್ಕೊಮ್ಮೆ ಬೆಳ್ಳಿ ಲಾಳದ ಕುದುರೆಯೇರಿ ಮೇಲೆದ್ದು ಬರುತ್ತಾನೆ, ಲಾಳ ಸವೆದು ಮುಗಿದ ದಿನ ಅವನಿಗೆ ಬಿಡುಗಡೆ ಎಂದು ಊರವರ ಕಥೆ.

ಚಾರಣಿಗರಿಗೆ ನಿರಾಸೆಯಾಗಬಹುದು ಎಂಬುದನ್ನು ಮುಚ್ಚಿಡುವುದಿಲ್ಲ. ದಡದ ಹಾದಿ ಚಿಕ್ಕದು, ನಾಕ್‌ಫೆನೆಲ್ ಗುಡ್ಡ ಹತ್ತಿಳಿಯುವುದೂ ದೊಡ್ಡ ಸಾಹಸವಲ್ಲ. ದಿನವಿಡೀ ಕಾಲು ಸೋಲುವಂತೆ ನಡೆಯಬೇಕೆನ್ನುವವರು ಬೇರೆ ಕಡೆ ಹೋಗಲಿ. ಆದರೆ ನಾಕ್‌ಫೆನೆಲ್ ಮೇಲಿನಿಂದ ಲಾಳದ ಆಕಾರ ಪೂರ್ತಿ ಕಾಣುತ್ತದೆ, ಗೋರಿ ಎಲ್ಲಿ, ಕೋಟೆ ಎಲ್ಲಿ, ದ್ವೀಪ ಎಲ್ಲಿ ಎಂದು ಬೆರಳು ಮಾಡಿ ಮಕ್ಕಳಿಗೆ ತೋರಿಸಬಹುದು. ಕಾರಿಲ್ಲದೆ ಇಲ್ಲಿಗೆ ಬರುವುದು ಕಷ್ಟ. ಊಟದ ವ್ಯವಸ್ಥೆಯೂ ಅಷ್ಟಕ್ಕಷ್ಟೆ, ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಂಡು ಬನ್ನಿ.

ಇನ್ನೆರಡು ಹೆಸರು

ಕಾರ್ಕ್ ಜಿಲ್ಲೆಯ ಗೂಗಾನ್ ಬಾರಾ ಲೀ ನದಿಯ ಮೂಲ. ಕಡಿದಾದ ಬೆಟ್ಟಗಳ ನಡುವಿನ ಸರೋವರದಲ್ಲಿ ಒಂದು ದ್ವೀಪ, ಅಲ್ಲಿಗೆ ಕಿರಿದಾದ ಕಟ್ಟೆದಾರಿ. ಸಂತ ಫಿನ್‌ಬಾರ್ 6ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದನೆಂದು ನಂಬಿಕೆ. ಕ್ಯಾಥೊಲಿಕರ ಪೂಜೆಗೆ ಕಾನೂನಿನ ಅಡ್ಡಿಯಿದ್ದ ಕಾಲದಲ್ಲಿ ಜನ ಪೂಜೆಗೆ ಸೇರುತ್ತಿದ್ದ ದೂರದ ಮೂಲೆಗಳಲ್ಲಿ ಇದೂ ಒಂದು. ಈಗಲೂ ಸೆಪ್ಟೆಂಬರಿನಲ್ಲಿ ಯಾತ್ರೆ ನಡೆಯುತ್ತದೆ. ಐರಿಷ್ ಭಾಷೆ ಇನ್ನೂ ಬಳಕೆಯಲ್ಲಿರುವ ಪ್ರದೇಶ ಇದು. ಪಕ್ಕದ ಅರಣ್ಯ ಉದ್ಯಾನದಲ್ಲಿ ಗಿಡ್ಡ ಆದರೆ ಕಡಿದಾದ ದಾರಿಗಳಿವೆ. ಭಕ್ತಿಯಿಂದ ಸುಮ್ಮನೆ ಕೂರಲು ಬಯಸುವವರಿಗೆ ಗ್ಲೆಂಡಲಾಕ್‌ಗಿಂತ ಇದೇ ವಾಸಿ. ಕಾರ್ಕ್ ನಗರದಲ್ಲಿರುವವರು ಗ್ಲೆಂಡಲಾಕ್‌ಗೆಂದು ಅಷ್ಟು ದೂರ ಹೋಗುವ ಮೊದಲು ಇಲ್ಲಿಗೆ ಬನ್ನಿ.

ರಾಸ್‌ಕಾಮನ್ ಜಿಲ್ಲೆಯ ಲಾಕ್ ಕೀ ಮಕ್ಕಳಿರುವ ಮನೆಯವರಿಗೆ. 1957ರಲ್ಲಿ ಸುಟ್ಟುಹೋದ ರಾಕಿಂಗ್‌ಹ್ಯಾಮ್ ಬಂಗಲೆಯ ಜಾಗದಲ್ಲಿ ಈಗ ಕಾಂಕ್ರೀಟಿನ ವೀಕ್ಷಣಾ ಗೋಪುರವಿದೆ. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಾಣುವುದಿಲ್ಲ. ಆದರೆ ಆಳುಗಳು ಮಾಲೀಕರ ಕಣ್ಣಿಗೆ ಬೀಳದೆ ಓಡಾಡಲೆಂದು ತೋಡಿದ ಸುರಂಗಗಳು ಉಳಿದಿವೆ, ಮಕ್ಕಳು ಅದನ್ನು ಮರೆಯುವುದಿಲ್ಲ, ದೊಡ್ಡವರೂ ಮರೆಯಬಾರದು. ಮರಗಳ ಎತ್ತರದಲ್ಲಿ ನಡೆಯುವ ಹಾದಿಯೂ ಇದೆ. ಹತ್ತಿರದ ಬಾಯ್ಲ್ ಪಟ್ಟಣದಲ್ಲಿ 1161ರಲ್ಲಿ ಸ್ಥಾಪನೆಯಾದ ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠವಿದೆ, ಡಬ್ಲಿನ್–ಸ್ಲೈಗೊ ರೈಲು ಅಲ್ಲಿ ನಿಲ್ಲುತ್ತದೆ.

ಹೊರಡುವ ಮೊದಲು

ಭಾರತೀಯ ಪಾಸ್‌ಪೋರ್ಟಿನವರು ಷೆಂಗೆನ್ ವೀಸಾದ ಮೇಲೆ ಐರ್ಲೆಂಡಿಗೆ ಹೋಗಲಾಗುವುದಿಲ್ಲ. ಯುರೋಪ್ ಪ್ರವಾಸದ ಮಧ್ಯೆ ಸೇರಿಸಿಕೊಳ್ಳುವ ಯೋಚನೆಯಿದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ. ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಗಡೆ ಓಡುತ್ತವೆ, ಆದರೆ ಹಳ್ಳಿ ರಸ್ತೆಗಳು ಬಹಳ ಕಿರಿದು.

ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲು. ಚಳಿಗಾಲದಲ್ಲಿ ಸ್ಪಿಂಕ್ ದಾರಿಗೆ ಮಧ್ಯಾಹ್ನ ಹೊರಡಬೇಡಿ. ಮಳೆ ಯಾವ ತಿಂಗಳಲ್ಲೂ ಬರಬಹುದು, ಪಶ್ಚಿಮಕ್ಕೆ ಹೋದಷ್ಟೂ ಹೆಚ್ಚು. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಯಂಗಿಯೇ ಬೇಕು. ಬೇಸಿಗೆಯ ಸಂಜೆ ಗಾಳಿಯಿಲ್ಲದಿದ್ದರೆ ನೀರಿನ ಬಳಿ ನೊರಜು ಮುತ್ತುತ್ತವೆ. ಜಿಂಕೆಗಳಿರುವ ಕಡೆ ಉಣುಗುಗಳಿಂದ ಲೈಮ್ ಕಾಯಿಲೆ ಬರುವ ಸಾಧ್ಯತೆಯಿದೆ. ಮಂಗನ ಕಾಯಿಲೆಯ ಭಯ ಕಂಡ ಮಲೆನಾಡಿನವರಿಗೆ ಉದ್ದ ಪ್ಯಾಂಟು ಹಾಕಿ, ಮನೆಗೆ ಬಂದು ಮೈ ಪರೀಕ್ಷಿಸಿಕೊಳ್ಳಿ ಎಂದು ಹೆಚ್ಚು ಹೇಳಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿರುವಂತೆ ಎಲ್ಲೆಂದರಲ್ಲಿ ನಡೆಯುವ ಹಕ್ಕು ಐರ್ಲೆಂಡಿನಲ್ಲಿಲ್ಲ. ಎಷ್ಟೋ ದಾರಿಗಳು ಜಮೀನಿನ ಒಡೆಯರ ಒಪ್ಪಿಗೆಯಿಂದ ತೆರೆದಿವೆ, ಗುರುತು ಬಿಟ್ಟು ಹುಲ್ಲುಗಾವಲಿಗೆ ಇಳಿಯಬೇಡಿ. ಬೆಟ್ಟದಲ್ಲಿ ತೊಂದರೆಯಾದರೆ 112ಕ್ಕೆ ಕರೆ ಮಾಡಿ ಪರ್ವತ ರಕ್ಷಣಾ ತಂಡ ಬೇಕೆಂದು ಹೇಳಿ.

ಹಾಗಾದರೆ ಯಾವುದು? ಡಬ್ಲಿನ್‌ನಲ್ಲಿದ್ದು ಕಾರಿಲ್ಲದೆ ಒಂದೇ ದಿನ ಸಿಕ್ಕಿದರೆ, ವಾರದ ನಡುವೆ ಗ್ಲೆಂಡಲಾಕ್. ಊರಿನಿಂದ ಹಿರಿಯರು ಬಂದಿದ್ದರೆ, ನಡಿಗೆ, ಗಾಡಿ, ದೋಣಿ ಮೂರೂ ಇರುವ ಕಿಲಾರ್ನಿ. ಇತಿಹಾಸಕ್ಕೇ ಹೊರಟವರು ಲಾಕ್ ಗರ್ ಬಿಡಬಾರದು. ಬಾಡಿಗೆ ಕಾರಿನಲ್ಲಿ ಮೂರು ದಿನ ಇದ್ದರೆ ಎರಡನ್ನೂ ಕೂಡಿಸಿ: ಎರಡು ರಾತ್ರಿ ಕಿಲಾರ್ನಿಯಲ್ಲಿ ತಂಗಿ, ಮೂರನೆಯ ದಿನ ಬೆಳಗ್ಗೆ ಹೊರಟು ಲಿಮರಿಕ್ ಮೇಲೆ ಡಬ್ಲಿನ್‌ಗೆ ಮರಳುವಾಗ ಲಾಕ್ ಗರ್‌ಗೆ ಅರ್ಧ ದಿನ ಇಡಿ. ಸಮಯ ಸಾಲದಂತೆ ಕಂಡರೆ ಮಾಹಿತಿ ಕೇಂದ್ರವನ್ನು ಬಿಡಬಹುದು, ಗ್ರೇಂಜ್ ವೃತ್ತವನ್ನು ಬಿಡಬೇಡಿ.